ಕೂಲಿಯ ಲೆಕ್ಕದಲ್ಲಿ ಕಂಡ ಕಾಯಿಲೆ



ಆಯುರ್ವೇದದಲ್ಲಿ ಚಿಕಿತ್ಸೆಯ ಮೊದಲ ಹೆಜ್ಜೆ ನಿದಾನ ಪರಿವರ್ಜನ, ಅಂದರೆ ರೋಗದ ಕಾರಣವನ್ನು ದೂರಮಾಡುವುದು. ಆದರೆ ಆ ಕಾರಣ ರೋಗಿಯ ಸಂಬಳದಲ್ಲಿಯೇ ಅಡಗಿದ್ದರೆ? ಈ ಪ್ರಶ್ನೆಯನ್ನು ಜೀವನವಿಡೀ ಅಧ್ಯಯನ ಮಾಡಿದವರು ಅಮೆರಿಕದ ಅರ್ಥಶಾಸ್ತ್ರಜ್ಞ ಎಡ್ಗರ್ ಸೈಡೆನ್‌ಸ್ಟ್ರಿಕರ್.

1881ರಲ್ಲಿ ಚೀನಾದ ಶಾಂಘೈನಲ್ಲಿ ಜನಿಸಿದ ಇವರು ಕಾದಂಬರಿಗಾರ್ತಿ ಪರ್ಲ್ ಬಕ್ ಅವರ ಅಣ್ಣ. ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಅಭ್ಯಸಿಸಿ, ಕೈಗಾರಿಕಾ ಕಾರ್ಮಿಕರ ಕೂಲಿ ಹಾಗೂ ಜೀವನಸ್ಥಿತಿಯ ಸಂಶೋಧನೆಯಲ್ಲಿ ತೊಡಗಿದರು. 1915ರಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯನ್ನು ಸೇರಿದರು.

ಆಗ ಅಲ್ಲಿನ ದಕ್ಷಿಣ ರಾಜ್ಯಗಳಲ್ಲಿ ಪೆಲ್ಲಾಗ್ರ ಎಂಬ ರೋಗ ಹರಡಿತ್ತು. ಬಿಸಿಲು ಬೀಳುವ ಕೈ, ಕುತ್ತಿಗೆಗಳ ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಬುದ್ಧಿಭ್ರಮೆ, ಕೊನೆಗೆ ಮರಣ. ಇದು ಸಾಂಕ್ರಾಮಿಕವೆಂದೇ ಅನೇಕ ವೈದ್ಯರು ನಂಬಿದ್ದರು. ಡಾ. ಜೋಸೆಫ್ ಗೋಲ್ಡ್‌ಬರ್ಗರ್ ಮಾತ್ರ ಆಹಾರದ ಕೊರತೆಯೇ ಕಾರಣವೆಂದರು. 1916ರಲ್ಲಿ ಅವರೊಡನೆ ಸೈಡೆನ್‌ಸ್ಟ್ರಿಕರ್ ದಕ್ಷಿಣ ಕೆರೊಲಿನಾದ ಏಳು ಹತ್ತಿ ಗಿರಣಿ ಗ್ರಾಮಗಳ ಸಮೀಕ್ಷೆಗೆ ಇಳಿದರು. ಮನೆಮನೆಗೂ ಹೋಗಿ ರೋಗಿಗಳನ್ನು ಗುರುತಿಸಲಾಯಿತು. ಪ್ರತಿ ಕುಟುಂಬದ ಆದಾಯವನ್ನೂ ಹದಿನೈದು ದಿನಗಳ ದಿನಸಿಯನ್ನೂ ಬರೆದುಕೊಳ್ಳಲಾಯಿತು.

ಫಲಿತಾಂಶ ಸ್ಪಷ್ಟವಾಗಿತ್ತು. ಆದಾಯ ಇಳಿದಂತೆ ರೋಗ ಏರಿತ್ತು. ಬಡವರ ತಟ್ಟೆಯಲ್ಲಿ ಮೆಕ್ಕೆಜೋಳದ ಹಿಟ್ಟು, ಉಪ್ಪು ಹಚ್ಚಿದ ಕೊಬ್ಬಿನ ಮಾಂಸ, ಕಾಕಂಬಿಗಳಷ್ಟೇ ಇದ್ದವು. ಹಾಲು, ತಾಜಾ ಮಾಂಸ ಅಪರೂಪ. ಸಮಾನ ಆದಾಯವಿದ್ದರೂ, ತಾಜಾ ಆಹಾರ ಸುಲಭವಾಗಿ ಸಿಗುವ ಗ್ರಾಮದಲ್ಲಿ ರೋಗ ಕಡಿಮೆಯಿತ್ತು. ಕೊರತೆಯಾದ ಅಂಶ ನಿಯಾಸಿನ್ ಎಂಬ ಜೀವಸತ್ವವೆಂದು ತಿಳಿದದ್ದು 1937ರಲ್ಲಿ. ಸೈಡೆನ್‌ಸ್ಟ್ರಿಕರ್ 1936ರಲ್ಲಿಯೇ ತೀರಿಕೊಂಡಿದ್ದರು.

ಈ ರೋಗ ನಮಗೂ ಹೊರಗಿನದಲ್ಲ. ದಖ್ಖನ್ ಪ್ರದೇಶದಲ್ಲಿ ಜೋಳವನ್ನೇ ನಂಬಿದ ಬಡವರಲ್ಲಿ ಇದು ಕಾಣಿಸಿಕೊಳ್ಳುತ್ತಿದ್ದುದನ್ನು ಹೈದರಾಬಾದಿನಲ್ಲಿ ಡಾ. ಸಿ. ಗೋಪಾಲನ್ ಮತ್ತು ಸಂಗಡಿಗರು 1960ರ ಸುಮಾರಿಗೆ ಅಧ್ಯಯನ ಮಾಡಿದರು. ದೋಷ ರೊಟ್ಟಿಯದಲ್ಲ, ರೊಟ್ಟಿಯ ಜೊತೆಗೆ ಬೇರೇನೂ ಇಲ್ಲದಿರುವುದು. ಬೇಳೆ, ಶೇಂಗಾ, ಹಾಲು-ಮಜ್ಜಿಗೆಗಳಿದ್ದರೆ ಅದು ಪೂರ್ಣಾಹಾರ.

ವೃತ್ತಿಯ ಆರಂಭದಲ್ಲಿ ಕೂಲಿಯ ತಾಯಿಯೊಬ್ಬರಿಗೆ ದಿನವೂ ಹಾಲು ಕುಡಿಯಲು ಹೇಳಿದ್ದೆ. ಅವರು ತಲೆಯಾಡಿಸಿ ಹೋದರು. ಮತ್ತೆ ಬಂದಾಗಲೂ ನಿಶ್ಶಕ್ತಿ ಹಾಗೆಯೇ ಇತ್ತು. ಹಾಲಿಗೆ ಹಣವೆಲ್ಲಿಯದೆಂದು ನಾನು ಕೇಳಿರಲಿಲ್ಲ. ಅಂದಿನಿಂದ ಪಥ್ಯ ಬರೆಯುವ ಮೊದಲು ಮನೆಯ ಸ್ಥಿತಿ ವಿಚಾರಿಸುತ್ತೇನೆ. ತಮ್ಮ ಮನೆ, ಹೊಲಗಳಲ್ಲಿ ದುಡಿಯುವವರ ಊಟವನ್ನು ತಾವೂ ಒಮ್ಮೆ ವಿಚಾರಿಸಿರಿ.