ತಾಸೆಯ ಕೈಗೆ ಪಂಕ್‌ನ ಕಾಲು

ಪಂಕ್ ರಾಕ್‌ನ ಮೂಲ ಬಡಿತಕ್ಕೆ ಎಂಟು ಮಾತ್ರೆ. 'ತಕದಿಮಿ ತಕಜುಣು' ಎಂದು ಬಾಯಲ್ಲಿ ಹೇಳಿಕೊಂಡರೆ ಅದರ ಲೆಕ್ಕ ಪೂರ್ತಿ ಸಿಕ್ಕಂತೆ. ಎಂಟು ಅಕ್ಷರಗಳಿಗೂ ಬಲಗೈಯ ಕೋಲು ಹೈಹ್ಯಾಟ್‌ನ ಜೋಡಿ ತಟ್ಟೆಯ ಮೇಲೆ ಬೀಳುತ್ತದೆ. ಎರಡು ಕಡೆಯ 'ತ'ಕ್ಕೆ ಬಲಗಾಲು ಪೆಡಲ್ ಒತ್ತಿ ಬಾಸ್ ಡ್ರಮ್ಮನ್ನು ಗುದ್ದುತ್ತದೆ. 'ದಿ' ಮತ್ತು 'ಜು' ಬಂದಾಗ ಎಡಗೈ ಸ್ನೇರ್ ಡ್ರಮ್ಮಿನ ಮೇಲೆ ಜೋರಾಗಿ ಇಳಿಯುತ್ತದೆ. ದುಂ ಟಕ್ ದುಂ ಟಕ್. ನೂರಾರು ಪಂಕ್ ಹಾಡುಗಳು ನಿಂತಿರುವುದು ಇಷ್ಟರ ಮೇಲೆಯೇ.

ಹೇಳುವಾಗ ಇಷ್ಟು ಸುಲಭವಾದದ್ದು ಸ್ಟೂಲಿನ ಮೇಲೆ ಕೂತ ಕೂಡಲೇ ತಪ್ಪಿಹೋಗುತ್ತದೆ. ತಪ್ಪಿಸುವುದು ಕೈಯಲ್ಲ, ಕಾಲು. ಉಡುಪಿ ಸೀಮೆಯ ಕಲಿಯುವವರ ಮಟ್ಟಿಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ, ಏಕೆಂದರೆ ವೇಗದ ಪೆಟ್ಟು ಇಲ್ಲಿಯ ಕಿವಿಗೆ ಹೊಸತಲ್ಲ. ಕೃಷ್ಣಾಷ್ಟಮಿಯ ಮರುದಿನ, ವಿಟ್ಲಪಿಂಡಿಯಂದು, ರಥಬೀದಿಯ ಸುತ್ತ ಹುಲಿವೇಷಗಳು ಕುಣಿಯುವಾಗ ಅವುಗಳ ಹಿಂದೆ ತಾಸೆ ಮತ್ತು ಡೋಲಿನವರು ಇರುತ್ತಾರೆ. ತಾಸೆ ಎಂದರೆ ಬಟ್ಟಲಿನಂಥ ತಳದ ಪುಟ್ಟ ಚರ್ಮವಾದ್ಯ. ಎರಡು ಸಪೂರ ಕೋಲುಗಳಿಂದ ಬಿಡುವಿಲ್ಲದೆ ಬಾರಿಸಿದಾಗ ಅದರ ಸದ್ದು ಬೀದಿಯ ಆ ತುದಿಗೂ ಚುರುಕಾಗಿ ಮುಟ್ಟುತ್ತದೆ. ಡೋಲು ಅದರ ಅಡಿಗೆ ದಪ್ಪನೆಯ ಗುದ್ದು ಕೊಡುತ್ತದೆ. 2014ರಲ್ಲಿ ತೆರೆಕಂಡ ರಕ್ಷಿತ್ ಶೆಟ್ಟಿ ಅವರ 'ಉಳಿದವರು ಕಂಡಂತೆ' ಮಲ್ಪೆಯ ಅಷ್ಟಮಿಯ ಹಿನ್ನೆಲೆಯಲ್ಲಿ ನಡೆಯುವ ಕಥೆ. ಹುಲಿವೇಷದ ಗತ್ತು ಘಟ್ಟದ ಮೇಲಿನವರಿಗೂ ಪರಿಚಯವಾದದ್ದರಲ್ಲಿ ಆ ಚಿತ್ರದ ಪಾಲೂ ಇದೆ.

ತಾಸೆ ಮಾಡುವ ಕೆಲಸವನ್ನು ಡ್ರಮ್‌ಸೆಟ್‌ನಲ್ಲಿ ಹೈಹ್ಯಾಟ್ ಮತ್ತು ಸ್ನೇರ್ ಮಾಡುತ್ತವೆ, ಡೋಲಿನ ಕೆಲಸವನ್ನು ಬಾಸ್ ಡ್ರಮ್ ಮಾಡುತ್ತದೆ. ಬೀದಿಯಲ್ಲಿ ಇಬ್ಬರು ಮೂವರು ಹಂಚಿಕೊಂಡದ್ದು ಇಲ್ಲಿ ಒಬ್ಬರ ಪಾಲಿಗೆ ಬರುತ್ತದೆ. ಯಕ್ಷಗಾನದ ಹಿಮ್ಮೇಳದಲ್ಲೂ ಹಂಚಿಕೆಯದೇ ಕ್ರಮ: ತಾಳ ಭಾಗವತರ ಕೈಯಲ್ಲಿ, ಮದ್ದಳೆ ಒಬ್ಬರದು, ಚೆಂಡೆ ಇನ್ನೊಬ್ಬರದು. ಇವರಲ್ಲಿ ಯಾರೂ ವಾದ್ಯ ನುಡಿಸಲು ಕಾಲನ್ನು ಬಳಸುವುದಿಲ್ಲ.

ಒಬ್ಬನೇ ಎಲ್ಲವನ್ನೂ ಬಾರಿಸುವ ಈ ಏರ್ಪಾಟಿಗೆ ಕಾರಣ ದುಡ್ಡು ಮತ್ತು ಜಾಗ. ಮೆರವಣಿಗೆಯ ಬ್ಯಾಂಡುಗಳಲ್ಲಿ ದೊಡ್ಡ ಡ್ರಮ್ಮಿಗೆ ಒಬ್ಬ, ಸ್ನೇರ್‌ಗೆ ಒಬ್ಬ, ತಾಳದ ತಟ್ಟೆಗೆ ಮತ್ತೊಬ್ಬ ಇರುತ್ತಿದ್ದರು. ಅಮೆರಿಕದ ನಾಟಕಶಾಲೆ, ನೃತ್ಯಶಾಲೆಗಳ ಇಕ್ಕಟ್ಟಿನಲ್ಲಿ ಮೂವರಿಗೆ ಸಂಬಳ ಕೊಡುವವರೂ ಇರಲಿಲ್ಲ, ಕೂರಲು ಜಾಗವೂ ಇರಲಿಲ್ಲ. 1909ರಲ್ಲಿ ಷಿಕಾಗೋದ ವಿಲಿಯಂ ಲುಡ್ವಿಗ್ ಚುರುಕಾಗಿ ಓಡುವ ಬಾಸ್ ಡ್ರಮ್ ಪೆಡಲ್ ತಯಾರಿಸಿದ ಮೇಲೆ ಕಾಲಿಗೂ ಕೆಲಸ ಬಂತು. 1920ರ ದಶಕದಲ್ಲಿ ಎಡಗಾಲಿಗೆ ಹೈಹ್ಯಾಟ್ ಸಿಕ್ಕಿತು. ಕರಾವಳಿಯಲ್ಲಿ ಡ್ರಮ್‌ಸೆಟ್ ಜನರ ಕಣ್ಣಿಗೆ ಬಿದ್ದದ್ದು ಹೆಚ್ಚಾಗಿ ಚರ್ಚಿನ ಗಾಯನವೃಂದದಲ್ಲಿ, ಮದುವೆಯ ಬ್ಯಾಂಡಿನಲ್ಲಿ, ರಸಮಂಜರಿಯ ವೇದಿಕೆಯಲ್ಲಿ. ಆಮೇಲೆ ರಸಮಂಜರಿಗಳಲ್ಲಿ ರಿದಮ್ ಪ್ಯಾಡ್ ಬಂದು ಡ್ರಮ್ಮಿನ ಜಾಗ ಕಿರಿದಾಯಿತು. ಪ್ಯಾಡ್ ನುಡಿಸಿ ಪಳಗಿದ ಕೈಗಳಿಗೂ ಪಂಕ್ ಕಲಿಯುವಾಗ ಅದೇ ತೊಡಕು, ಕಾಲಿನದು.

ಪಂಕ್ 1970ರ ದಶಕದ ನಡುವಿನಲ್ಲಿ ನ್ಯೂಯಾರ್ಕ್ ಮತ್ತು ಲಂಡನ್‌ನಲ್ಲಿ ಕುದುರಿದ ಸಂಗೀತ. ಉದ್ದುದ್ದ ಗಿಟಾರ್ ಆಲಾಪನೆ, ಹತ್ತು ನಿಮಿಷದ ಡ್ರಮ್ ಪ್ರದರ್ಶನಗಳಿಗೆ ಬೇಸತ್ತವರು ರಾಕ್ ಸಂಗೀತವನ್ನು ಎರಡು ಮೂರು ನಿಮಿಷದ ಅಳತೆಗೆ ಇಳಿಸಿದರು. 1974ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್ ಬಡಾವಣೆಯಲ್ಲಿ ಹುಟ್ಟಿದ ರಮೋನ್ಸ್ ತಂಡ 1976ರಲ್ಲಿ ತಂದ ಮೊದಲ ಆಲ್ಬಮ್‌ನಲ್ಲಿ 14 ಹಾಡುಗಳಿವೆ, ಒಟ್ಟು ಅವಧಿ ಅರ್ಧ ಗಂಟೆಯೂ ಇಲ್ಲ. ಅದರಲ್ಲಿ ಡ್ರಮ್ ನುಡಿಸಿದ ಟಾಮಿ ರಮೋನ್ ಹುಟ್ಟಿದ್ದು ಬುಡಾಪೆಸ್ಟ್‌ನಲ್ಲಿ. ಅವರು ತಂಡದ ವ್ಯವಸ್ಥಾಪಕರಾಗಬೇಕಿದ್ದವರು, ಡ್ರಮ್ ಅವರ ವಾದ್ಯವೇ ಅಲ್ಲ. ಪರೀಕ್ಷೆಗೆ ಬಂದ ಡ್ರಮ್ಮರ್‌ಗಳು ಅಲಂಕಾರ ಬಿಟ್ಟು ನುಡಿಸಲು ಒಪ್ಪದಿದ್ದಾಗ, ಬೇಕಾದದ್ದು ಹೀಗೆ ಎಂದು ತೋರಿಸಲು ಕೂತವರು ಅಲ್ಲೇ ಉಳಿದುಬಿಟ್ಟರು. ಲಂಡನ್‌ನ ದಿ ಸ್ಲಿಟ್ಸ್ ತಂಡದ ಪಾಮೋಲಿವ್ ಎಂಬ ಹೆಸರಿನ ಸ್ಪೇನ್ ಮೂಲದ ತರುಣಿಯೂ ತಂಡ ಕಟ್ಟಿಕೊಂಡೇ ಬಾರಿಸಲು ಕಲಿತವರು. ಹೊಸಬರಿಗೆ ಪಂಕ್ ಒಗ್ಗುತ್ತದೆ ಎನ್ನುವುದಕ್ಕೆ ಹಿನ್ನೆಲೆ ಇದು. ಹೊಸಬರೇ ಅದನ್ನು ಕಟ್ಟಿದ್ದು.

ಡೋಲಿನ ಮಾತು ಎತ್ತಿದ ಮೇಲೆ ಒಂದು ವಿಷಯವನ್ನು ಬಿಡುವಂತಿಲ್ಲ. ತುಳುನಾಡಿನಲ್ಲಿ ಡೋಲು ಬಡಿಯುವುದು ಬಹುಕಾಲ ಕೊರಗ ಸಮುದಾಯದವರ ಮೇಲೆ ಹೊರಿಸಿದ ಕಡ್ಡಾಯ ಚಾಕರಿಯಾಗಿತ್ತು. ಆ ಅಜಲು ಪದ್ಧತಿಯನ್ನು ರಾಜ್ಯ ಸರ್ಕಾರ 2000ದ ಕಾಯ್ದೆಯಿಂದ ನಿಷೇಧಿಸಿತು. ಅದೇ ಡೋಲನ್ನು ಕೊರಗ ಯುವಕರು ಈಗ ತಮ್ಮದೇ ತಂಡ ಕಟ್ಟಿ, ತಮ್ಮ ಕಲೆಯೆಂದು ವೇದಿಕೆಯ ಮೇಲೆ ನುಡಿಸುತ್ತಾರೆ. ಸಂಗೀತ ಕೆಲವರ ಸೊತ್ತಲ್ಲ ಎಂದ ಪಂಕ್‌ನೊಡನೆ ಇದನ್ನು ಹೋಲಿಸುವ ಆಸೆಯಾಗುವುದು ಸಹಜ. ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು, ನ್ಯೂಯಾರ್ಕಿನ ಹುಡುಗರು ಕೋಲು ಹಿಡಿದದ್ದು ತಮ್ಮ ಇಷ್ಟದಿಂದ.

ಇನ್ನು ಪಾಠ. ಸ್ಟೂಲಿನ ಎತ್ತರ ತೊಡೆ ಮೊಣಕಾಲಿಗಿಂತ ತುಸು ಮೇಲಿರುವಷ್ಟು ಇರಬೇಕು, ತಗ್ಗಾಗಿ ಕೂತರೆ ಕಾಲು ಬೇಗ ಸೋಲುತ್ತದೆ. ಕೋಲನ್ನು ಬುಡದಿಂದ ಮೂರನೇ ಒಂದು ಪಾಲು ಬಿಟ್ಟು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿಯುವುದು. ಉಳಿದ ಬೆರಳುಗಳು ಅದನ್ನು ಮುಟ್ಟಿಕೊಂಡಿದ್ದರೆ ಸಾಕು. ಬಿಗಿಯಾಗಿ ಹಿಡಿದರೆ ಕೋಲು ಪುಟಿಯುವುದಿಲ್ಲ, ಪುಟಿಯದಿದ್ದರೆ ಪ್ರತಿ ಪೆಟ್ಟಿಗೂ ತೋಳೇ ದುಡಿಯಬೇಕು. ಅಂಗಡಿಯಲ್ಲಿ ಕೇಳಬೇಕಾದ ಅಳತೆ 5ಎ ಅಥವಾ ಸ್ವಲ್ಪ ದಪ್ಪದ 5ಬಿ.

ಡ್ರಮ್‌ಸೆಟ್ ಇಲ್ಲದೆಯೂ ಮೊದಲ ವಾರ ಸಾಗುತ್ತದೆ. ಬಾಯಲ್ಲಿ ತಕದಿಮಿ, ಕೈಗೆ ತೊಡೆ, ಕಾಲಿಗೆ ನೆಲ. ಎಂಟು ಅಕ್ಷರಗಳೆಂದರೆ ಎಂಟು ಬೇರೆ ಬೇರೆ ಚಲನೆಗಳೆಂದು ಹೊಸಬರು ಹೆದರುತ್ತಾರೆ, ನಿಜವಾಗಿ ಇರುವುದು ಮೂರೇ. 'ಕ', 'ಮಿ', ಮತ್ತೆ 'ಕ', 'ಣು': ಈ ನಾಲ್ಕರಲ್ಲಿ ಬಲಗೈ ಮಾತ್ರ. ಎರಡು 'ತ'ಗಳಲ್ಲಿ ಬಲಗೈ, ಬಲಗಾಲು ಕೂಡಿ. 'ದಿ' ಮತ್ತು 'ಜು'ಗಳಲ್ಲಿ ಎರಡೂ ಕೈ ಕೂಡಿ. ಮೊದಲು ಬಲಗೈಯನ್ನಷ್ಟೇ ಓಡಿಸಿ ಅದು ಗಮನ ಕೊಡದೆಯೂ ನಡೆಯುವಂತಾಗಲಿ, ಆಮೇಲೆ ಕಾಲು, ಕೊನೆಗೆ ಸ್ನೇರ್. ಈ ಕ್ರಮ ತಿರುವುಮುರುವಾದರೆ ಕಾಲು ಎಡಗೈಯ ಬೆನ್ನು ಹತ್ತುತ್ತದೆ. ಎಡಗೈ ಬಿದ್ದಲ್ಲೆಲ್ಲ ಕಾಲೂ ಬೀಳುವುದು ಎಲ್ಲ ಹೊಸಬರ ಮೊದಲ ತಪ್ಪು. ಅದನ್ನು ಬಿಡಿಸಲು ಇರುವ ದಾರಿ ನಿಧಾನ ಒಂದೇ.

ನಿಧಾನ ಎಂದರೆ ಮೆಟ್ರೊನೋಮ್‌ನಲ್ಲಿ ನಿಮಿಷಕ್ಕೆ 60 ಬಡಿತ, ಪ್ರತಿ ಬಡಿತಕ್ಕೆ ಎರಡು ಅಕ್ಷರ. ತಪ್ಪಿಲ್ಲದೆ ಎರಡು ನಿಮಿಷ ಸಾಗಿದರೆ 5 ಏರಿಸುವುದು, ತಪ್ಪಿದರೆ 5 ಇಳಿಸುವುದು. ಪಂಕ್ ಹಾಡುಗಳ ಸಾಮಾನ್ಯ ವೇಗ 160ರಿಂದ 200. ರಮೋನ್ಸ್‌ನ ಪ್ರಸಿದ್ಧ 'ಬ್ಲಿಟ್ಸ್‌ಕ್ರೀಗ್ ಬಾಪ್' 175ರ ಆಸುಪಾಸಿನಲ್ಲಿದೆ. ಆ ವೇಗಕ್ಕೆ ಬಲಗೈ ಸೆಕೆಂಡಿಗೆ ಸುಮಾರು ಆರು ಪೆಟ್ಟು ಹಾಕಬೇಕು, ಎರಡು ನಿಮಿಷಕ್ಕೆ ಏಳುನೂರು. ಟಾಮಿ ರಮೋನ್ ಒಂದನ್ನೂ ಬಿಡದೆ ಹಾಗೆಯೇ ಬಾರಿಸಿದರು. ಪಂಕ್ ಡ್ರಮ್ಮಿಂಗ್ ಬರಿಯ ಗದ್ದಲ ಎನ್ನುವವರು ಒಮ್ಮೆ ಆ ಬಲಗೈಯ ಕೆಲಸ ಮಾಡಿ ನೋಡಬೇಕು. ಒಂದೂವರೆ ನಿಮಿಷಕ್ಕೆ ಮುಂಗೈ ಕಲ್ಲಾಗುತ್ತದೆ. ಅಂಥ ಹೊತ್ತಿನಲ್ಲಿ ಭುಜ ಮೇಲೇರಿದೆಯೇ ಎಂದು ಗಮನಿಸುವುದು ಒಳ್ಳೆಯದು. ಭುಜ ಇಳಿಸಿ ಮಣಿಕಟ್ಟಿನಿಂದ ಬಾರಿಸಿದರೆ ಮತ್ತೊಂದು ನಿಮಿಷ ಸಿಗುತ್ತದೆ.

ಮೂಲ ಬಡಿತ ಕೈಗೆ ಕೂತ ಮೇಲೆ ಬದಲಾವಣೆಗಳು ಹೆಚ್ಚಾಗಿ ಕಾಲಿನವು. ಎರಡನೆಯ 'ತ'ದ ಜೊತೆಗೆ ಅದರ ಪಕ್ಕದ 'ಕ'ಕ್ಕೂ ಒಂದು ಗುದ್ದು ಸೇರಿಸಿದರೆ ದುಂ ಟಕ್ ದುಂದುಂ ಟಕ್ ಆಗುತ್ತದೆ. ಇಷ್ಟು ಬಂದವರು ಅರ್ಧದಷ್ಟು ಪಂಕ್ ಹಾಡುಗಳನ್ನು ನುಡಿಸಬಲ್ಲರು. ಇನ್ನೊಂದು ಬಗೆಯಲ್ಲಿ ಬಾಸ್ ಮತ್ತು ಸ್ನೇರ್ ಅಕ್ಷರಕ್ಕೊಂದರಂತೆ ಸರದಿ ಹಾಕುತ್ತವೆ: 'ತ'ಕ್ಕೆ ಕಾಲು, 'ಕ'ಕ್ಕೆ ಎಡಗೈ, 'ದಿ'ಗೆ ಕಾಲು, 'ಮಿ'ಗೆ ಎಡಗೈ. ಇದು ಪೋಲ್ಕಾ ಕುಣಿತದ ನಡೆ, ವೇಗ ಮಾತ್ರ ಹುಚ್ಚುವೇಗ. 1980ರ ಸುಮಾರಿಗೆ ಬೆಳೆದ ಹಾರ್ಡ್‌ಕೋರ್ ಪಂಕ್‌ನ ಉಸಿರು ಇದರಲ್ಲಿದೆ. ವಾಷಿಂಗ್ಟನ್‌ನ ಬ್ಯಾಡ್ ಬ್ರೇನ್ಸ್ ತಂಡದ ಅರ್ಲ್ ಹಡ್ಸನ್ ಇದನ್ನು ನುಡಿಸುವ ವೇಗಕ್ಕೆ ಅಕ್ಷರ ಹೇಳುವ ನಾಲಿಗೆಯೂ ತೊಡರುತ್ತದೆ.

ಇಂಗ್ಲೆಂಡಿನ ಸ್ಟೋಕ್-ಆನ್-ಟ್ರೆಂಟ್‌ನ ಡಿಸ್ಚಾರ್ಜ್ ತಂಡದಿಂದ ಬಂದ ಡಿ-ಬೀಟ್‌ನ ರಚನೆ ಎಲ್ಲಕ್ಕಿಂತ ಸ್ವಾರಸ್ಯದ್ದು. ಅದರ 'ಡಿ' ತಂಡದ ಹೆಸರಿನ ಮೊದಲ ಅಕ್ಷರವೇ. ಸ್ನೇರ್ ಎಂದಿನಂತೆ 'ದಿ' ಮತ್ತು 'ಜು'ಗಳಲ್ಲೇ ಇದೆ. ಬಾಸ್ ಬೀಳುವುದು ಮೊದಲ 'ತ', ಆಮೇಲೆ 'ಮಿ', ಆಮೇಲೆ ಎರಡನೆಯ 'ಕ'ದಲ್ಲಿ. ಎರಡನೆಯ 'ತ'ದಲ್ಲಿ, ಕಾಲು ಬಿದ್ದೇ ಬೀಳಬೇಕಾದ ಜಾಗದಲ್ಲಿ, ಕಾಲು ಸುಮ್ಮನಿರುತ್ತದೆ. ಆ ಒಂದು ಖಾಲಿ ಜಾಗದ ಎರಡೂ ಬದಿಗೆ ಗುದ್ದು ಬೀಳುವುದರಿಂದ ಇಡೀ ಬಡಿತ ಮುಂದಕ್ಕೆ ನೂಕಿದಂತೆ ಕೇಳಿಸುತ್ತದೆ. ಡಿಸ್ಚಾರ್ಜ್‌ನ 1982ರ ಆಲ್ಬಮ್ ಬಂದ ಮೇಲೆ ಸ್ವೀಡನ್, ಜಪಾನ್‌ಗಳವರೆಗೆ ತಂಡಗಳು ಇದನ್ನೇ ಹಿಡಿದವು. ಮೊದಲ ಎರಡು ಬಡಿತಗಳು ನಿದ್ದೆಗಣ್ಣಿನಲ್ಲೂ ಬರುವಂತಾದ ಮೇಲೆ ಇದಕ್ಕೆ ಕೈಹಾಕುವುದು ವಾಸಿ.

ಹಾಡಿನ ಒಂದು ಭಾಗದಿಂದ ಇನ್ನೊಂದಕ್ಕೆ ದಾಟಿಸುವ ಸಣ್ಣ ಓಟಕ್ಕೆ ಫಿಲ್ ಎನ್ನುತ್ತಾರೆ. ಯಕ್ಷಗಾನ ಬಲ್ಲವರಿಗೆ ಬಿಡ್ತಿಗೆ, ಮುಕ್ತಾಯಗಳ ನೆನಪಾದೀತು, ಆದರೆ ಪಂಕ್‌ನಲ್ಲಿ ಅಷ್ಟು ಕುಸುರಿ ಇಲ್ಲ. ಸ್ನೇರ್‌ಗೆ ನಾಲ್ಕು, ಎರಡು ಟಾಮ್‌ಗಳಿಗೆ ನಾಲ್ಕು ನಾಲ್ಕು, ನೆಲದ ಟಾಮ್‌ಗೆ ನಾಲ್ಕು, ಮತ್ತೆ 'ತ'ಕ್ಕೆ ಸರಿಯಾಗಿ ಕ್ರ್ಯಾಶ್ ತಟ್ಟೆಯ ಮೇಲೆ ಇಳಿದರೆ ಮುಗಿಯಿತು. ಇಲ್ಲಿ ಎಲ್ಲರೂ ಓಡುತ್ತಾರೆ. ಫಿಲ್ ಶುರುವಾದ ವೇಗ ಒಂದು, ಮುಗಿದ ವೇಗ ಇನ್ನೊಂದು. ಹಿಮ್ಮೇಳದಲ್ಲಿ ಚೆಂಡೆಯವರು ಓಡಿದರೆ ಹಿಡಿದು ನಿಲ್ಲಿಸಲು ಭಾಗವತರ ತಾಳ ಉಂಟು. ಪಂಕ್ ತಂಡದಲ್ಲಿ ಆ ಭಾಗವತಿಕೆಯೂ ಡ್ರಮ್ಮರ್‌ನದೇ. ಉಡುಪಿಯ ಇಂದ್ರಾಳಿಯಲ್ಲಿರುವ ಯಕ್ಷಗಾನ ಕೇಂದ್ರದಂಥ ಕಡೆ ಚೆಂಡೆ ಮದ್ದಳೆ ಕಲಿತು ಬಂದವರಿಗೆ ಏಳು, ಹತ್ತು ಮಾತ್ರೆಗಳ ತ್ರಿವುಡೆ, ಝಂಪೆಗಳು ನೀರು ಕುಡಿದಷ್ಟು ಸಲೀಸು. ಎಂಟನ್ನೇ ಎರಡು ನಿಮಿಷ ಬದಲಿಸದೆ ಬಾರಿಸು ಎಂದರೆ ಅವರಿಗೆ ಬೇಸರ ಬರುತ್ತದೆ. ಆ ಬೇಸರವನ್ನು ತಡೆದುಕೊಳ್ಳುವುದೂ ಪಾಠದ ಒಂದು ಭಾಗ.

ಅಭ್ಯಾಸದ ಜಾಗ ದೊಡ್ಡ ತಲೆನೋವು. ಮಣಿಪಾಲದ ಫ್ಲ್ಯಾಟು, ಹಾಸ್ಟೆಲುಗಳಲ್ಲಿ ಗೋಡೆಯಾಚೆ ಯಾರೋ ಪರೀಕ್ಷೆಗೆ ಓದುತ್ತಿರುತ್ತಾರೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲಿಗೆ 55, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬೆಲ್. ಡ್ರಮ್‌ಸೆಟ್ ಸುಲಭವಾಗಿ 100 ದಾಟುತ್ತದೆ. ರಬ್ಬರಿನ ಪ್ರಾಕ್ಟೀಸ್ ಪ್ಯಾಡ್, ಹೆಡ್‌ಫೋನ್ ಹಾಕಿ ನುಡಿಸುವ ಎಲೆಕ್ಟ್ರಾನಿಕ್ ಸೆಟ್ ಇದಕ್ಕೆ ಪರಿಹಾರ. ಎಲೆಕ್ಟ್ರಾನಿಕ್ ಸೆಟ್ಟಿನ ಪೆಡಲ್ ಗುದ್ದು ಮಾತ್ರ ಕೆಳಗಿನ ಮನೆಯವರಿಗೆ ಮುಟ್ಟಿಯೇ ಮುಟ್ಟುತ್ತದೆ, ಅಡಿಗೆ ದಪ್ಪ ಚಾಪೆ ಬೇಕು. ಕಾರ್ಕಳದ ಕಡೆ ತೋಟದ ನಡುವೆ ಒಂಟಿ ಮನೆ ಇರುವವರು ಈ ವಿಷಯದಲ್ಲಿ ಪುಣ್ಯವಂತರು.

ಕಾಪುವಿನಂಥ ಕಡಲಂಚಿನ ಊರಿನಲ್ಲಿ ಶತ್ರು ಬೇರೆ. ಉಪ್ಪುಗಾಳಿಗೆ ಸ್ಟ್ಯಾಂಡು, ತಿರುಪು, ಪೆಡಲಿನ ಸರಪಣಿ ಬೇಗ ತುಕ್ಕು ಹಿಡಿಯುತ್ತವೆ. ನುಡಿಸಿದ ಮೇಲೆ ಒಣಬಟ್ಟೆಯಿಂದ ಒರೆಸಿ, ಕೀಲುಗಳಿಗೆ ಒಂದು ಹನಿ ಎಣ್ಣೆ ಬಿಟ್ಟು, ಮುಸುಕು ಹಾಕುವುದು ಮಳೆಗಾಲದಲ್ಲಿ ನಿತ್ಯದ ಕೆಲಸ. ಡ್ರಮ್ಮಿನ ಮೇಲೆ ಬಿಗಿದ ಹೊದಿಕೆಗೆ ಮಾತ್ರ ತೇವದ ಭಯವಿಲ್ಲ. ಅಷ್ಟಮಿ ಬರುವುದು ಮಳೆಯ ದಿನಗಳಲ್ಲಾದ್ದರಿಂದ ತಾಸೆಯವರು ಬೀದಿ ಬದಿಯಲ್ಲಿ ಕಾಗದ ಉರಿಸಿ, ಸಡಿಲಾದ ಚರ್ಮವನ್ನು ಕಾಯಿಸಿ ಬಿಗಿ ಮಾಡಿಕೊಳ್ಳುವುದನ್ನು ಕಾಣಬಹುದು. ಡ್ರಮ್‌ಸೆಟ್ಟಿನದು 1950ರ ದಶಕದ ಕೊನೆಗೆ ಬಳಕೆಗೆ ಬಂದ ಪ್ಲಾಸ್ಟಿಕ್ ಹೊದಿಕೆ, ತೇವಕ್ಕೆ ಜಗ್ಗದು.

ಕಿವಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಅಳತೆಯಂತೆ 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ತಾಸು ತಡೆಯಬಹುದು. ಪ್ರತಿ 3 ಡೆಸಿಬೆಲ್ ಏರಿಕೆಗೆ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ, 100ಕ್ಕೆ ಉಳಿಯುವುದು ಕಾಲು ಗಂಟೆ. ಮುಚ್ಚಿದ ಕೋಣೆಯಲ್ಲಿ ಇಯರ್‌ಪ್ಲಗ್ ಇಲ್ಲದೆ ಕೂರಬಾರದು.

ಎರಡು ಬಡಿತ ಮತ್ತು ಒಂದು ಫಿಲ್ ಬಂದರೆ ತಂಡದ ಜೊತೆ ಕೂರಲು ಸಾಕು, ಮೂರನೆಯದಕ್ಕೆ ಕಾಯಬೇಕಿಲ್ಲ. ಗಿಟಾರ್‌ನವರು ತಪ್ಪಿದರೂ ನಿಲ್ಲಿಸದೆ ಬಾರಿಸುತ್ತಿರುವುದು, ಬಾಸ್ ಗಿಟಾರಿನ ಪೆಟ್ಟಿಗೆ ಕಾಲಿನ ಗುದ್ದನ್ನು ಕೂಡಿಸುವುದು, ಹಾಡು ನಿಲ್ಲುವಲ್ಲಿ ತಟ್ಟೆಯನ್ನು ಕೈಯಿಂದ ಹಿಡಿದು ಸದ್ದನ್ನು ಕತ್ತರಿಸುವುದು, ಇವೆಲ್ಲ ಅಲ್ಲೇ ಬರುತ್ತವೆ. ಹಾಡು ಶುರುವಾಗುವುದಕ್ಕೆ ಮುಂಚೆ ಎಣಿಕೆ ಕೊಡುವ ಹೊಣೆಯೂ ಡ್ರಮ್ಮರ್‌ನದು: ಕೋಲಿಗೆ ಕೋಲು ತಾಗಿಸಿ ನಾಲ್ಕು ತಟ್ಟು, ಬರಲಿರುವ ವೇಗದಲ್ಲೇ. ರಮೋನ್ಸ್ ತಂಡದಲ್ಲಿ ಬಾಸ್ ಗಿಟಾರಿನ ಡೀ ಡೀ ರಮೋನ್ ಪ್ರತಿ ಹಾಡಿಗೂ ಒಂದರಿಂದ ನಾಲ್ಕರವರೆಗೆ ಕಿರುಚಿ ಎಣಿಸುತ್ತಿದ್ದರು, ಆ ಎಣಿಕೆಗೂ ಆಮೇಲಿನ ಹಾಡಿನ ವೇಗಕ್ಕೂ ಎಷ್ಟೋ ಸಲ ಸಂಬಂಧವೇ ಇರುತ್ತಿರಲಿಲ್ಲ.