ಪರ್ಲ್ ಹಾರ್ಬರ್: ಕೇಳಿಯೂ ಕೇಳದ ಎಚ್ಚರಿಕೆ

ಪೆಸಿಫಿಕ್ ಮಹಾಸಾಗರದ ನಟ್ಟನಡುವೆ ಹವಾಯಿ ಎಂಬ ದ್ವೀಪಸಮೂಹವಿದೆ. ಅದಕ್ಕೆ ಸೇರಿದ ಒಆಹು ದ್ವೀಪದ ದಕ್ಷಿಣ ತೀರದಲ್ಲಿ ಸಮುದ್ರವು ಬೆರಳು ಚಾಚಿದ ಅಂಗೈಯಂತೆ ನೆಲದೊಳಕ್ಕೆ ಹೊಕ್ಕು ಸಹಜವಾದ ಬಂದರೊಂದನ್ನು ನಿರ್ಮಿಸಿದೆ. ಒಂದು ಕಾಲಕ್ಕೆ ಅಲ್ಲಿ ಮುತ್ತಿನ ಚಿಪ್ಪುಗಳು ಹೇರಳವಾಗಿ ದೊರೆಯುತ್ತಿದ್ದುವು. ಆದುದರಿಂದ ದ್ವೀಪದ ಮೂಲನಿವಾಸಿಗಳು ಆ ಜಲಭಾಗವನ್ನು 'ವಾಯ್ ಮೋಮಿ', ಎಂದರೆ ಮುತ್ತಿನ ನೀರು, ಎಂದು ಕರೆದರು. ಅದೇ ಇಂಗ್ಲಿಷಿನಲ್ಲಿ ಪರ್ಲ್ ಹಾರ್ಬರ್ ಆಯಿತು. ಇಷ್ಟು ಇಂಪಾದ ಈ ಹೆಸರು 1941ನೆಯ ಇಸವಿ ಡಿಸೆಂಬರ್ 7ರ ಭಾನುವಾರದಿಂದ ಈಚೆಗೆ ಹಠಾತ್ ದಾಳಿ ಎಂಬುದಕ್ಕೆ ಪರ್ಯಾಯಪದವಾಗಿ ಹೋಗಿದೆ.

ಆ ದಾಳಿ ನಿಜವಾಗಿಯೂ ಹಠಾತ್ತಾಗಿತ್ತೆ? ಎಚ್ಚರಿಕೆಯ ಒಂದು ದನಿಯೂ ಕೇಳಿಬರಲಿಲ್ಲವೆ? ಚರಿತ್ರೆಯನ್ನು ಸಾವಧಾನವಾಗಿ ಓದಿದವರಿಗೆ ಬೇರೆಯೇ ಉತ್ತರ ಸಿಗುತ್ತದೆ. ಆ ಬೆಳಗ್ಗೆ ಎಚ್ಚರಿಕೆ ಮೂರು ಸಲ ಬಂದಿತು. ಮೂರು ಸಲವೂ ಅದು ಮುಟ್ಟಬೇಕಾದ ಕಿವಿಯನ್ನು ಮುಟ್ಟಲಿಲ್ಲ. ದಿನವೂ ಬಾನುಲಿಗೆ ಕಿವಿಗೊಡುವ ನಾವು ತಿಳಿದಿರಬೇಕಾದ ಸಂಗತಿ ಇದು.

ಮೊದಲು ಹಿನ್ನೆಲೆಯನ್ನು ನೋಡೋಣ. 1937ರಿಂದ ಜಪಾನು ಚೀನದೊಡನೆ ಯುದ್ಧದಲ್ಲಿ ತೊಡಗಿತ್ತು. 1941ರ ಜುಲೈನಲ್ಲಿ ಅದರ ಸೈನ್ಯ ಇಂಡೋಚೀನದ ದಕ್ಷಿಣ ಭಾಗಕ್ಕೂ ಕಾಲಿಟ್ಟಾಗ ಅಮೆರಿಕ ಸರ್ಕಾರ ತನ್ನಲ್ಲಿದ್ದ ಜಪಾನೀ ಹಣವನ್ನು ತಡೆಹಿಡಿಯಿತು. ತೈಲದ ಮಾರಾಟವೂ ನಿಂತುಹೋಯಿತು. ಜಪಾನು ಬಳಸುತ್ತಿದ್ದ ತೈಲದಲ್ಲಿ ಬಹುಪಾಲು ಬರುತ್ತಿದ್ದುದೇ ಅಮೆರಿಕದಿಂದ. ತೈಲವಿಲ್ಲದೆ ಹಡಗು ಓಡದು, ವಿಮಾನ ಹಾರದು. ಆಗ್ನೇಯ ಏಷ್ಯದ ತೈಲದ ನೆಲೆಗಳನ್ನು ವಶಪಡಿಸಿಕೊಳ್ಳುವುದೆಂದು ಜಪಾನಿನ ಮುಖಂಡರು ನಿಶ್ಚಯಿಸಿದರು. ಆದರೆ 1940ರಿಂದ ಪರ್ಲ್ ಹಾರ್ಬರಿನಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ನೌಕಾಬಲ ಅದಕ್ಕೆ ಅಡ್ಡಿಯಾಗಬಹುದಾಗಿತ್ತು. ಅದನ್ನು ಮೊದಲ ಏಟಿಗೇ ಮುರಿಯಬೇಕೆಂಬ ಹಂಚಿಕೆ ನೌಕಾಧಿಪತಿ ಯಾಮಾಮೊಟೊ ಅವರದು.

ಆ ಬಂದರು ಆಳವಾದುದಲ್ಲ; ನೀರು ಸುಮಾರು 40 ಅಡಿ ಮಾತ್ರ. ವಿಮಾನದಿಂದ ಬಿಟ್ಟ ಟಾರ್ಪೆಡೊ ಅಷ್ಟು ತೆಳುನೀರಿನಲ್ಲಿ ಕೆಸರಿಗೆ ನಾಟಿಕೊಳ್ಳುತ್ತದೆ, ಹಡಗನ್ನು ಮುಟ್ಟುವುದಿಲ್ಲ ಎಂದು ಬಹು ಮಂದಿ ನಂಬಿದ್ದರು. ಜಪಾನೀಯರು ಟಾರ್ಪೆಡೊಗಳಿಗೆ ಮರದ ರೆಕ್ಕೆಗಳನ್ನು ಜೋಡಿಸಿ, ಅವು ಆಳಕ್ಕೆ ಮುಳುಗದಂತೆ ಮಾಡಿದರು. ದೊಡ್ಡ ಫಿರಂಗಿಯ ಗುಂಡುಗಳನ್ನು ಉಕ್ಕಿನ ಹೊದಿಕೆ ಸೀಳುವ ಬಾಂಬುಗಳಾಗಿ ಮಾರ್ಪಡಿಸಿದರು. ನವೆಂಬರ್ 26ರಂದು ಆರು ವಿಮಾನವಾಹಕ ಹಡಗುಗಳು ಕುರಿಲ್ ದ್ವೀಪಗಳ ಕೊಲ್ಲಿಯೊಂದರಿಂದ ಹೊರಟವು. ನಿಸ್ತಂತು ಯಂತ್ರಗಳು ಮೌನ ತಾಳಿದವು. ಹಡಗುಗಳ ಸಂಚಾರ ವಿರಳವಾದ ಉತ್ತರದ ಸಮುದ್ರಮಾರ್ಗವನ್ನು ಹಿಡಿದು ಆ ಪಡೆ ಯಾರ ಕಣ್ಣಿಗೂ ಬೀಳದೆ ಒಆಹು ದ್ವೀಪದ ಉತ್ತರಕ್ಕೆ 230 ಮೈಲಿಗಳಷ್ಟು ಸಮೀಪ ಬಂದಿತು.

ಇನ್ನು ಆ ಮೂರು ಎಚ್ಚರಿಕೆಗಳು. ಮೊದಲನೆಯದು ನೀರಿನಿಂದ ಬಂದಿತು. ಬೆಳಗಿನ 7 ಗಂಟೆಗೆ ಇನ್ನೂ ಸ್ವಲ್ಪ ಹೊತ್ತಿರುವಾಗ, ಬಂದರಿನ ಬಾಗಿಲಲ್ಲಿ ಕಾವಲು ತಿರುಗುತ್ತಿದ್ದ ವಾರ್ಡ್ ಎಂಬ ಹಡಗು ಪುಟ್ಟ ಸಬ್‌ಮೆರೀನೊಂದನ್ನು ಕಂಡು, ಗುಂಡು ಹೊಡೆದು ಮುಳುಗಿಸಿತು. ಕೂಡಲೆ ಸುದ್ದಿಯನ್ನೂ ಕಳುಹಿಸಿತು. ಮೇಲಿನ ಅಧಿಕಾರಿಗಳು ಇನ್ನಷ್ಟು ರುಜುವಾತು ಬೇಕೆಂದು ವಿಚಾರಿಸುತ್ತ ಕುಳಿತರು. ಆ ಸಬ್‌ಮೆರೀನಿನ ಅವಶೇಷ 2002ರಲ್ಲಿ ಸಮುದ್ರದ ತಳದಲ್ಲಿ ಸಿಕ್ಕಿತು; ವಾರ್ಡ್ ಹಡಗಿನವರು ಹೇಳಿದ್ದು ನಿಜವೆಂಬುದಕ್ಕೆ ಅರುವತ್ತು ವರ್ಷಗಳ ಮೇಲೆ ಸಾಕ್ಷಿ ದೊರೆಯಿತು.

ಎರಡನೆಯದು ಆಕಾಶದಿಂದ ಬಂದಿತು. ದ್ವೀಪದ ಉತ್ತರ ತುದಿಯ ಒಪಾನ ಎಂಬಲ್ಲಿ ಆಗಿನ ಕಾಲಕ್ಕೆ ಹೊಸದಾದ ರೇಡಾರ್ ಯಂತ್ರವಿತ್ತು. 7 ಗಂಟೆಗೆ ಅದನ್ನು ನಿಲ್ಲಿಸಬೇಕಾಗಿತ್ತು. ಆದರೆ ಲಾಕರ್ಡ್ ಮತ್ತು ಎಲಿಯಟ್ ಎಂಬ ಇಬ್ಬರು ಸಾಮಾನ್ಯ ಸಿಪಾಯಿಗಳು ಅಭ್ಯಾಸಕ್ಕೆಂದು ಅದನ್ನು ನಡೆಸುತ್ತಲೇ ಇದ್ದರು. 130 ಮೈಲಿಗಳಿಗೂ ದೂರದಲ್ಲಿ ವಿಮಾನಗಳ ದೊಡ್ಡ ಸಮೂಹ ಕಂಡಿತು. ಅವರು ದೂರವಾಣಿಯಲ್ಲಿ ತಿಳಿಸಿದರು. ಅಂದು ಬೆಳಗ್ಗೆ ಕ್ಯಾಲಿಫೋರ್ನಿಯದಿಂದ ಅಮೆರಿಕದವೇ ಆದ ಹನ್ನೆರಡು ದೊಡ್ಡ ವಿಮಾನಗಳು ಬರುವುದಿದ್ದುವು. ಅವುಗಳಿಗೆ ದಾರಿ ತಿಳಿಯಲೆಂದು ಹೊನೊಲುಲುವಿನ ಬಾನುಲಿ ನಿಲಯ ಇರುಳೆಲ್ಲ ಹವಾಯಿ ಸಂಗೀತವನ್ನು ಪ್ರಸಾರ ಮಾಡಿತ್ತು. ಕೆಲಸಕ್ಕೆ ಬರುವ ದಾರಿಯಲ್ಲಿ ಆ ಸಂಗೀತವನ್ನು ಕೇಳಿದ್ದ ತರುಣ ಅಧಿಕಾರಿ, ಇವು ನಮ್ಮ ವಿಮಾನಗಳೇ ಎಂದು ಬಗೆದು, ಚಿಂತಿಸಬೇಡಿರೆಂದು ಸಿಪಾಯಿಗಳಿಗೆ ಹೇಳಿದ. ಅದೇ ಸಂಗೀತಕ್ಕೆ ತಮ್ಮ ಯಂತ್ರಗಳನ್ನು ಹೊಂದಿಸಿಕೊಂಡು ಜಪಾನೀ ವಿಮಾನಗಳೂ ದಾರಿ ಹಿಡಿದಿದ್ದುವು. ಮಿತ್ರನನ್ನು ಕರೆಯಲು ಹಚ್ಚಿಟ್ಟ ದೀಪದ ಬೆಳಕಿನಲ್ಲಿ ಶತ್ರುವೂ ನಡೆದುಬಂದಂತಾಯಿತು.

ಮೂರನೆಯದು ರಾಜಧಾನಿಯಿಂದ ಬಂದಿತು. ವಾಷಿಂಗ್ಟನ್ನಿನಲ್ಲಿ ಜಪಾನಿನ ರಾಯಭಾರಿಗಳು ಮಧ್ಯಾಹ್ನ 1 ಗಂಟೆಗೆ ಸರಿಯಾಗಿ ಒಂದು ಪತ್ರವನ್ನು ಕೊಡಬೇಕಾಗಿತ್ತು. ಗುಪ್ತಲಿಪಿಯನ್ನು ಭೇದಿಸಿದ್ದ ಅಮೆರಿಕದವರಿಗೆ ಇದು ಮುಂಚೆಯೇ ತಿಳಿದಿತ್ತು. ವಾಷಿಂಗ್ಟನ್ನಿನ 1 ಗಂಟೆ ಎಂದರೆ ಹವಾಯಿಯಲ್ಲಿ ಬೆಳಗಿನ ಏಳೂವರೆ. ಸೇನಾಧಿಪತಿ ಮಾರ್ಷಲ್ ಎಚ್ಚರದಿಂದಿರಬೇಕೆಂದು ಸಂದೇಶ ಬರೆಸಿದರು. ಅಂದು ಹವಾಮಾನದ ತೊಂದರೆಯಿಂದ ಹವಾಯಿಯೊಡನೆ ಸೈನ್ಯದ ನಿಸ್ತಂತು ಸಂಪರ್ಕ ಕೂಡಿಬರಲಿಲ್ಲ. ಸಂದೇಶವನ್ನು ಸಾಮಾನ್ಯ ತಂತಿಯಂತೆ ಕಳುಹಿಸಿದರು. ತುರ್ತು ಎಂಬ ಗುರುತೂ ಅದರ ಮೇಲಿರಲಿಲ್ಲ. ಹೊನೊಲುಲುವಿಗೆ ಅದು ಮುಟ್ಟಿದ್ದು 7 ಗಂಟೆ 33 ನಿಮಿಷಕ್ಕೆ. ಜಪಾನೀ ಮೂಲದ ಯುವಕನೊಬ್ಬ ಅದನ್ನು ಹಂಚಬೇಕಾದ ಇತರ ತಂತಿಗಳ ಜೊತೆಗೆ ಹಿಡಿದು ಮೋಟಾರ್ ಸೈಕಲ್ಲಿನಲ್ಲಿ ಹೊರಟ. ಬಾಂಬುಗಳ ನಡುವೆ ದಾರಿ ಮಾಡಿಕೊಂಡು ಆತ ಅದನ್ನು ಸೈನ್ಯದ ಕಚೇರಿಗೆ ತಲುಪಿಸುವಾಗ ದಾಳಿ ಮುಗಿದು ಸುಮಾರು ಎರಡು ಗಂಟೆಯಾಗಿತ್ತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆ ನಮ್ಮಲ್ಲಿದೆಯಲ್ಲವೆ?

ದಾಳಿ ಆರಂಭವಾದದ್ದು 8 ಗಂಟೆಗೆ ಐದು ನಿಮಿಷ ಮುಂಚೆ. ಎರಡು ಅಲೆಗಳಾಗಿ ಬಂದ ವಿಮಾನಗಳು ಒಟ್ಟು 350ಕ್ಕೂ ಹೆಚ್ಚು. ಎರಡು ಗಂಟೆಯೊಳಗೆ ಎಲ್ಲವೂ ಮುಗಿದುಹೋಯಿತು. ಬಂದರಿನಲ್ಲಿದ್ದ ಎಂಟು ಮಹಾನೌಕೆಗಳಿಗೂ ಏಟು ಬಿದ್ದಿತು, ನಾಲ್ಕು ಮುಳುಗಿದವು. ಮದ್ದಿನ ಕೋಠಿಗೆ ಬೆಂಕಿ ತಗುಲಿ ಸಿಡಿದ ಅರಿಜೋನ ಹಡಗೊಂದರಲ್ಲೇ 1,177 ಮಂದಿ ಮಡಿದರು. ಒಟ್ಟು ಸತ್ತ ಅಮೆರಿಕನರು 2,403; ಅವರಲ್ಲಿ 68 ಮಂದಿ ಸೈನ್ಯಕ್ಕೆ ಸೇರದ ನಾಗರಿಕರು. ಜಪಾನೀಯರು ಕಳೆದುಕೊಂಡದ್ದು 29 ವಿಮಾನ, ಐದು ಪುಟ್ಟ ಸಬ್‌ಮೆರೀನು, 64 ಮಂದಿ.

ಮಹಾಭಾರತದ ಸೌಪ್ತಿಕ ಪರ್ವವನ್ನು ಬಲ್ಲ ನಮ್ಮ ಜನಕ್ಕೆ ಇದು ತೀರ ಅಪರಿಚಿತವಾದ ಕಥೆಯಲ್ಲ. ನಿದ್ರಿಸುತ್ತಿದ್ದ ಪಾಂಡವರ ಪಾಳೆಯಕ್ಕೆ ಅಶ್ವತ್ಥಾಮ ಇರುಳಿನಲ್ಲಿ ನುಗ್ಗಿ ಕೊಂದುಹಾಕಿದ. ಆದರೆ ಅವನಿಗೆ ಬೇಕಾಗಿದ್ದ ಪಂಚಪಾಂಡವರು ಆ ರಾತ್ರಿ ಪಾಳೆಯದಲ್ಲಿರಲಿಲ್ಲ. ಪರ್ಲ್ ಹಾರ್ಬರಿನಲ್ಲಿಯೂ ಹಾಗೆಯೇ ಆಯಿತು. ಅಮೆರಿಕದ ವಿಮಾನವಾಹಕ ಹಡಗುಗಳಲ್ಲಿ ಒಂದೂ ಅಂದು ಬಂದರಿನಲ್ಲಿರಲಿಲ್ಲ. ತೈಲದ ತೊಟ್ಟಿಗಳೂ ಹಡಗು ರಿಪೇರಿಯ ಕಾರ್ಖಾನೆಗಳೂ ಉಳಿದುಕೊಂಡವು. ಏಟು ತಿಂದ ಎಂಟು ಮಹಾನೌಕೆಗಳಲ್ಲಿ ಆರು ರಿಪೇರಿಯಾಗಿ ಮತ್ತೆ ಯುದ್ಧಕ್ಕೆ ಇಳಿದವು. ದಾಳಿಯ ಫಲ ದಾಳಿ ಮಾಡಿದವರಿಗೆ ದಕ್ಕಲಿಲ್ಲ. ಮಡಿದವರು ಮಾತ್ರ ಹಿಂದಿರುಗಲಿಲ್ಲ.

ಎಚ್ಚರಿಕೆಯನ್ನು ಕೇಳದೆ ಹೋದವರು ಒಬ್ಬರು, ಅದಕ್ಕೆ ಬೆಲೆ ತೆತ್ತವರು ಇನ್ನೊಬ್ಬರು. ಹಡಗುಗಳಲ್ಲಿದ್ದ ತರುಣರಿಗೆ ರಾಜಕಾರಣವೂ ಗೊತ್ತಿರಲಿಲ್ಲ, ಗುಪ್ತಲಿಪಿಯೂ ಗೊತ್ತಿರಲಿಲ್ಲ. ಅವರು ತಮ್ಮ ತಮ್ಮ ಜಾಗದಲ್ಲಿ ನಿಂತರು. ವೆಸ್ಟ್ ವರ್ಜೀನಿಯ ಎಂಬ ಹಡಗಿನಲ್ಲಿ ಡೋರಿಸ್ ಮಿಲ್ಲರ್ ಎಂಬ ನೀಗ್ರೋ ಜನಾಂಗದ ಯುವಕ ಊಟದ ಮನೆಯ ಪರಿಚಾರಕನಾಗಿದ್ದ. ಕರಿಯರಿಗೆ ಆ ನೌಕಾಬಲದಲ್ಲಿ ಅಂದು ಆಯುಧದ ಶಿಕ್ಷಣ ಕೊಡುತ್ತಿರಲಿಲ್ಲ. ಆತ ಗಾಯಗೊಂಡ ಕ್ಯಾಪ್ಟನನ್ನು ಎತ್ತಿ ಸಾಗಿಸಲು ನೆರವಾದ. ಆಮೇಲೆ ತಾನು ಎಂದೂ ಕಲಿಯದ ಮಷಿನ್ ಗನ್ನಿನ ಹಿಂದೆ ನಿಂತು ವಿಮಾನಗಳತ್ತ ಗುಂಡು ಹಾರಿಸಿದ. 1942ರಲ್ಲಿ ಆತನಿಗೆ ನೇವಿ ಕ್ರಾಸ್ ಪದಕ ದೊರೆಯಿತು. 1943ರಲ್ಲಿ ಬೇರೊಂದು ಹಡಗು ಮುಳುಗಿದಾಗ ಆತ ತೀರಿಕೊಂಡ.

ಒಕ್ಲಹೋಮ ಎಂಬ ಹಡಗು ಮಗುಚಿಕೊಂಡಿತು. ಅದರ ತಳದ ಒಳಗಿನಿಂದ ಯಾರೋ ಬಡಿಯುವ ಸದ್ದು ಬರುತ್ತಿತ್ತು. ಹಡಗುಕಟ್ಟೆಯ ಕೆಲಸಗಾರರು ಆ ಸದ್ದಿಗೆ ಕಿವಿಗೊಟ್ಟು, ಉಕ್ಕನ್ನು ಕೊರೆದು, 32 ಮಂದಿಯನ್ನು ಜೀವಸಹಿತ ಹೊರಗೆ ತೆಗೆದರು. ವೆಸ್ಟ್ ವರ್ಜೀನಿಯದ ಒಳಗಿಂದಲೂ ಸದ್ದು ಬಂದಿತು. ಅದು ನೀರಿನಡಿಯ ಕೋಣೆಯಾದುದರಿಂದ ತಲುಪುವ ಉಪಾಯವಿರಲಿಲ್ಲ. ಮುಂದೆ ಆ ಹಡಗನ್ನು ಮೇಲೆತ್ತಿದಾಗ ಕೋಣೆಯಲ್ಲಿ ಮೂವರು ನಾವಿಕರ ದೇಹಗಳೂ ಒಂದು ಕ್ಯಾಲೆಂಡರೂ ಸಿಕ್ಕಿದವು. ಅದರಲ್ಲಿ ಡಿಸೆಂಬರ್ 23ರವರೆಗೆ ದಿನಗಳನ್ನು ಗೀಟು ಹಾಕಿ ಹೊಡೆದಿದ್ದರು.

ಇಂಥ ದುಃಖ ಕೋಪವನ್ನು ಹುಟ್ಟಿಸುತ್ತದೆ, ಕೋಪಕ್ಕೆ ಕಣ್ಣಿಲ್ಲ. ಹವಾಯಿಯ ಜನರಲ್ಲಿ ಮೂರರಲ್ಲಿ ಒಂದು ಪಾಲಿಗೂ ಹೆಚ್ಚು ಜಪಾನೀ ಮೂಲದವರು. ಅವರಲ್ಲಿ ಯಾರಾದರೂ ಕೇಡು ಮಾಡಿಯಾರೆಂಬ ಶಂಕೆಯಿಂದ, ಕಾವಲಿಗೆ ಸುಲಭವಾಗಲೆಂದು, ಸೈನ್ಯದ ವಿಮಾನಗಳನ್ನು ಒಂದಕ್ಕೊಂದು ತಾಗುವಂತೆ ಸಾಲಾಗಿ ನಿಲ್ಲಿಸಿದ್ದರು. ಆಕಾಶದಿಂದ ಬಂದ ಶತ್ರುವಿಗೆ ಅದೇ ಅನುಕೂಲವಾಯಿತು. ನೆರೆಯವನ ಮೇಲಿನ ಶಂಕೆ ನಿಜವಾದ ಅಪಾಯವನ್ನು ಕಾಣದಂತೆ ಮಾಡಿತು. ಇಷ್ಟಾದರೂ ಶಂಕೆ ತಗ್ಗಲಿಲ್ಲ. 1942ರಲ್ಲಿ ಅಮೆರಿಕದ ಪಶ್ಚಿಮ ತೀರದ ಜಪಾನೀ ಮೂಲದ ಸುಮಾರು 1,20,000 ಮಂದಿಯನ್ನು ಮನೆಬಿಡಿಸಿ ಶಿಬಿರಗಳಲ್ಲಿ ಕೂಡಿಹಾಕಿದರು. ಅವರ ಕುಲದ ತರುಣರೇ ಅಮೆರಿಕದ ಪರವಾಗಿ ಯೂರೋಪಿನಲ್ಲಿ ಹೋರಾಡಿ ಹೆಸರು ಪಡೆದರು. ಸರ್ಕಾರ ಕ್ಷಮೆ ಬೇಡಿದ್ದು 1988ರಲ್ಲಿ.

ಅರಿಜೋನ ಹಡಗನ್ನು ಮೇಲೆತ್ತಲಿಲ್ಲ. 900ಕ್ಕೂ ಹೆಚ್ಚು ಮಂದಿ ಅದರೊಳಗೇ ಚಿರನಿದ್ರೆಯಲ್ಲಿದ್ದಾರೆ. ಅದರ ಮೇಲೆ, ಅದನ್ನು ಮುಟ್ಟದಂತೆ, ಸೇತುವೆಯ ಹಾಗೆ ಕಟ್ಟಿದ ಬಿಳಿಯ ಸ್ಮಾರಕ 1962ರಲ್ಲಿ ಸಿದ್ಧವಾಯಿತು. ಅದರ ಚಾವಣಿ ನಡುವೆ ಬಾಗಿದೆ, ಎರಡು ತುದಿಗಳಲ್ಲಿ ಎತ್ತರವಾಗಿದೆ. ಮೊದಲು ಸೋಲು, ಕೊನೆಗೆ ಗೆಲವು ಎಂಬುದು ಅದರ ಭಾವ. ಇದನ್ನು ರೂಪಿಸಿದ ಆಲ್ಫ್ರೆಡ್ ಪ್ರೈಸ್ ಆಸ್ಟ್ರಿಯದಿಂದ ಬಂದವರು. ದಾಳಿಯ ಬಳಿಕ ಶತ್ರುದೇಶದವರೆಂದು ಅವರನ್ನೂ ಹಿಡಿದಿಟ್ಟಿದ್ದರು. ಶಂಕೆಗೆ ಗುರಿಯಾದವರ ಕೈಯಿಂದಲೇ ಮಡಿದವರಿಗೆ ಗೌರವ ಸಂದಿತು. ಒಳಗಿನ ಅಮೃತಶಿಲೆಯ ಗೋಡೆಯ ಮೇಲೆ ಸತ್ತವರೆಲ್ಲರ ಹೆಸರುಗಳಿವೆ. ಬದುಕಿ ಉಳಿದಿದ್ದ ನಾವಿಕರಲ್ಲಿ ನಲವತ್ತಕ್ಕೂ ಹೆಚ್ಚು ಮಂದಿ, ತಾವು ತೀರಿಕೊಂಡ ಮೇಲೆ ತಮ್ಮ ಅಸ್ಥಿಯನ್ನು ಒಡನಾಡಿಗಳ ಬಳಿ ಆ ಹಡಗಿನಲ್ಲೇ ಇರಿಸಬೇಕೆಂದು ಬಯಸಿದರು, ಹಾಗೆಯೇ ನಡೆಯಿತು. ಆ ಹಡಗಿನ ಕೊನೆಯ ನಾವಿಕ ಲೂ ಕಾಂಟರ್ 2024ರಲ್ಲಿ, ತಮ್ಮ 102ನೆಯ ವಯಸ್ಸಿನಲ್ಲಿ, ಕಣ್ಮುಚ್ಚಿದರು. ಒಕ್ಲಹೋಮದಲ್ಲಿ ಮಡಿದು ಗುರುತು ಸಿಗದೆ ಉಳಿದವರ ಅಸ್ಥಿಗಳನ್ನು 2015ರಿಂದ ಹೊಸ ವಿಜ್ಞಾನದ ನೆರವಿನಿಂದ ಪರೀಕ್ಷಿಸಿ, 350ಕ್ಕೂ ಹೆಚ್ಚು ಮಂದಿಗೆ ಅವರವರ ಹೆಸರನ್ನು ಹಿಂದಿರುಗಿಸಿದ್ದಾರೆ. ಊರ ಹೊರಗೆ ವೀರಗಲ್ಲು ನಿಲ್ಲಿಸುತ್ತಿದ್ದ ನಮ್ಮ ಹಿರಿಯರಿಗೆ ಈ ಕೆಲಸದ ಅರ್ಥ ಚೆನ್ನಾಗಿ ತಿಳಿಯುತ್ತಿತ್ತು.

ನಮಗೂ ಆ ದಿನಕ್ಕೂ ನಂಟಿಲ್ಲವೆಂದು ತಿಳಿಯಬಾರದು. ಪರ್ಲ್ ಹಾರ್ಬರಿನ ಮೇಲೆ ಬಾಂಬು ಬೀಳುವುದಕ್ಕೆ ಸುಮಾರು ಒಂದು ಗಂಟೆ ಮೊದಲೇ ಮಲಯದ ಕೋಟ ಬಾರು ಎಂಬ ಕಡಲತೀರದಲ್ಲಿ ಜಪಾನೀ ಸೈನ್ಯ ಇಳಿಯತೊಡಗಿತ್ತು. ದಿನರೇಖೆಯ ಈಚೆಗಿರುವುದರಿಂದ ಅಲ್ಲಿ ಆಗಲೇ ಡಿಸೆಂಬರ್ 8. ಅಲ್ಲಿ ಅವರನ್ನು ಎದುರಿಸಿದವರು ಭಾರತೀಯ ಸಿಪಾಯಿಗಳು. ಮೈಸೂರು ಸಂಸ್ಥಾನದ ಪದಾತಿ ದಳವೂ ಆ ಮಲಯದ ಯುದ್ಧದಲ್ಲಿತ್ತು. 1942ರ ಫೆಬ್ರವರಿ 15ರಂದು ಸಿಂಗಪುರ ಬಿದ್ದಾಗ ಸಾವಿರಾರು ಭಾರತೀಯರು ಸೆರೆಯಾದರು. ಅವರಲ್ಲಿ ಎಷ್ಟೋ ಮಂದಿ ಮನೆಗೆ ಹಿಂದಿರುಗಲೇ ಇಲ್ಲ.

ಡಿಸೆಂಬರ್ 7 ನಮ್ಮ ದೇಶದಲ್ಲಿಯೂ ಸೈನಿಕರನ್ನು ನೆನೆಯುವ ದಿನ. 1949ರಿಂದ ಅದನ್ನು ಸಶಸ್ತ್ರ ಪಡೆಗಳ ಧ್ವಜ ದಿನವೆಂದು ಆಚರಿಸುತ್ತೇವೆ. ಇದಕ್ಕೂ ಪರ್ಲ್ ಹಾರ್ಬರಿಗೂ ಸಂಬಂಧವಿಲ್ಲ, ತಿಥಿಯೊಂದು ಮಾತ್ರ ಕೂಡಿಬಂದಿದೆ. ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣದ ಆ ಪುಟ್ಟ ಬಾವುಟದಿಂದ ಬರುವ ಹಣ ಮಾಜಿ ಸೈನಿಕರಿಗೂ ಮಡಿದವರ ಮನೆಯವರಿಗೂ ಗಾಯಾಳುಗಳಿಗೂ ಸಲ್ಲುತ್ತದೆ. ನಾಳೆ ಶಾಲೆಯ ಮಕ್ಕಳು ಡಬ್ಬಿ ಹಿಡಿದು ನಿಮ್ಮ ಬಾಗಿಲಿಗೆ ಬಂದರೆ ಬಾವುಟವನ್ನು ಕೊಂಡುಕೊಳ್ಳಿ. ಜೊತೆಗೆ ಅವರನ್ನು ಒಂದು ಗಳಿಗೆ ಕೂರಿಸಿಕೊಂಡು, ಒಪಾನದಲ್ಲಿ ವೇಳೆ ಮೀರಿದರೂ ಯಂತ್ರದ ಮುಂದೆ ಕುಳಿತಿದ್ದ ಆ ಇಬ್ಬರು ಸಿಪಾಯಿಗಳ ಕಥೆಯನ್ನು ಹೇಳಿ. ಅವರು ತಮ್ಮ ಕೆಲಸವನ್ನು ಮಾಡಿದ್ದರು. ಕೇಳುವ ಕೆಲಸ ಉಳಿದವರದಾಗಿತ್ತು.