ಅಂಗಳದ ಬಕೆಟ್‌ನಲ್ಲಿ ಟೊಮೆಟೊ, ಕೋಸಂಬರಿಯ ತರಕಾರಿ: ಮೊದಲು ಮಣ್ಣು ನೋಡಿ



2023ರ ಜುಲೈ ನೆನಪಿದೆಯಾ? ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿ ಹೋಗಿತ್ತು. ಆ ತಿಂಗಳು ಸೊರಬದ ಸುತ್ತಮುತ್ತಲಿನ ಗೆಳೆಯರಿಂದ ನನಗೆ ಬಂದ ಮೆಸೇಜ್‌ಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ: "ಮನೆ ಅಂಗಳದಲ್ಲಿ ಬಕೆಟ್ ಇಟ್ಟು ಟೊಮೆಟೊ ಬೆಳೀಬಹುದಾ? ಈಗಲೇ ಹಾಕ್ಲಾ?"

ಬೆಳೆಯಬಹುದು. ಆದರೆ ಜುಲೈನಲ್ಲಿ ಹಾಕಬೇಡಿ ಅಂತ ಎಲ್ಲರಿಗೂ ಹೇಳಿದೆ. ನಮ್ಮ ಕಡೆ ಜುಲೈ ಅಂದರೆ ಬಿಡದ ಮಳೆ. ಎಲೆ ಒಣಗುವುದೇ ಇಲ್ಲ, ಅಂಗಮಾರಿ ರೋಗ ಒಂದು ವಾರದಲ್ಲಿ ಗಿಡ ಸುಟ್ಟ ಹಾಗೆ ಮಾಡುತ್ತದೆ. ಸಸಿ ನೆಟ್ಟು ಎರಡು ತಿಂಗಳ ಮೇಲೆ ಹಣ್ಣು ಬರುವ ಹೊತ್ತಿಗೆ ರೇಟೂ ಇಳಿದಿರುತ್ತದೆ. ರೇಟ್ ನೋಡಿ ಬಕೆಟ್ ತುಂಬಿಸಬೇಡಿ, ಕಾಲ ನೋಡಿ ತುಂಬಿಸಿ.

ಈ ವಾರ ಅದನ್ನೇ ಪೂರ್ತಿ ಬರೆಯುತ್ತಿದ್ದೇನೆ. ಶುರು ಮಾಡುವ ಮೊದಲು ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ.

ಹದಿನಾರರಲ್ಲಿ ಹದಿನಾಲ್ಕು ಹೋದವು

ತೋಟಗಾರಿಕೆ ಓದಿ ಊರಿಗೆ ವಾಪಸ್ ಬಂದ ಎರಡನೇ ವರ್ಷ. ಅಪ್ಪನಿಗೆ ನನ್ನ ಡಿಗ್ರಿ ಮೇಲೆ ಅಷ್ಟೇನೂ ನಂಬಿಕೆ ಇರಲಿಲ್ಲ. ತೋರಿಸಿಕೊಡೋಣ ಅಂತ ಹದಿನಾರು ಬಕೆಟ್ ಸಾಲಾಗಿ ಇಟ್ಟೆ. ಮಣ್ಣು ಮನೆ ಹಿಂದಿನ ಹೊಲದ್ದು. ಹಿಂದಿನ ವರ್ಷ ಅಲ್ಲಿ ಶುಂಠಿ ಇತ್ತು, ಅಂಚಿನಲ್ಲಿ ಅಮ್ಮನ ಬದನೆ, ಮೆಣಸು. ಶುಂಠಿ ಅರ್ಧ ಕೊಳೆತು ಹೋಗಿದ್ದು ಗೊತ್ತಿತ್ತು. ಆದರೂ ಒಳ್ಳೆ ಕಪ್ಪು ಮಣ್ಣು, ಗೊಬ್ಬರ ಬಿದ್ದ ಜಾಗ ಅಂತ ಅದನ್ನೇ ತುಂಬಿದೆ.

ಗಿಡ ಸೊಂಟದ ಎತ್ತರ ಬಂದು ಹೂ ಬಿಟ್ಟವು. ಒಂದು ಮಧ್ಯಾಹ್ನ ಎರಡು ಗಿಡ ಬಾಡಿದವು. ನೀರು ಸಾಲದೇನೋ ಅಂತ ಇನ್ನಷ್ಟು ಹೊಯ್ದೆ. ಮರುದಿನ ನಾಲ್ಕು. ಹತ್ತೇ ದಿನದಲ್ಲಿ ಹದಿನಾಲ್ಕು ಗಿಡ ನಿಂತಲ್ಲೇ ಸತ್ತವು. ಎಲೆ ಹಳದಿ ಆಗಿರಲಿಲ್ಲ, ಹಸಿರಾಗಿಯೇ ಜೋತು ಬಿದ್ದಿದ್ದವು. ಅಪ್ಪ ಏನೂ ಹೇಳಲಿಲ್ಲ. ಅದೇ ಹೆಚ್ಚು ನೋವಾಗಿದ್ದು.

ಅದು ದುಂಡಾಣು ಸೊರಗು ರೋಗ. ರಾಲ್ಸ್ಟೋನಿಯಾ ಅನ್ನುವ ಬ್ಯಾಕ್ಟೀರಿಯಾ ಬೇರಿನ ಗಾಯದಿಂದ ಒಳಗೆ ಹೋಗಿ, ನೀರು ಏರುವ ನಾಳದಲ್ಲಿ ಕಟ್ಟಿಕೊಳ್ಳುತ್ತದೆ. ಬುಡದಲ್ಲಿ ನೀರಿದ್ದರೂ ತುದಿಗೆ ಏರುವುದಿಲ್ಲ. ಟೊಮೆಟೊ, ಬದನೆ, ಮೆಣಸು, ಆಲೂಗಡ್ಡೆ ಎಲ್ಲಕ್ಕೂ ಇದು ಬರುತ್ತದೆ. ಶುಂಠಿಯ ಸೊರಗು ರೋಗವೂ ಇದೇ ಗುಂಪಿನದು. ನಮ್ಮ ಮಲೆನಾಡಿನ ಹುಳಿ ಮಣ್ಣು, ಬಿಸಿ, ತೇವ ಇದಕ್ಕೆ ಹೇಳಿ ಮಾಡಿಸಿದ ಜಾಗ. ಮಣ್ಣಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಮತ್ತೆ ಅದಕ್ಕೆ ಹೊಡೆಯುವ ಔಷಧಿ ಇಲ್ಲ.

ಅಂದರೆ ಬಕೆಟ್‌ನ ನಿಜವಾದ ಲಾಭ ಇಲ್ಲೇ ಇದೆ. ಹೊಲದ ಮಣ್ಣು ಬದಲಾಯಿಸೋಕೆ ಆಗಲ್ಲ, ಬಕೆಟ್ ಮಣ್ಣು ಬದಲಾಯಿಸಬಹುದು. ನಾನು ಆ ಲಾಭವನ್ನೇ ಕೈಯಾರೆ ಕಳೆದುಕೊಂಡಿದ್ದೆ.

ಒಂದು ಗ್ಲಾಸ್ ನೀರಿನ ಪರೀಕ್ಷೆ

ಗಿಡ ಬಾಡಿದ ಕೂಡಲೇ ನೀರು ಹೊಯ್ಯಬೇಡಿ. ಮೊದಲು ಸಂಜೆವರೆಗೆ ಕಾಯಿರಿ. ಬಿಸಿಲಿಗೆ ಬಾಡಿದ್ದರೆ ಸಂಜೆ ತಾನಾಗೇ ಎದ್ದು ನಿಲ್ಲುತ್ತದೆ. ಎರಡನೇ ದಿನವೂ ಏಳದಿದ್ದರೆ ಗಿಡ ಕಿತ್ತು, ಬುಡದ ಹತ್ತಿರ ಕಾಂಡವನ್ನು ಎರಡು ಮೂರು ಇಂಚು ಕತ್ತರಿಸಿ. ಪಾರದರ್ಶಕ ಗಾಜಿನ ಲೋಟದಲ್ಲಿ ಶುದ್ಧ ನೀರು ತುಂಬಿ, ಕಾಂಡದ ಕತ್ತರಿಸಿದ ತುದಿ ನೀರಿಗೆ ತಾಗುವ ಹಾಗೆ ಹಿಡಿಯಿರಿ, ಅಲುಗಾಡಿಸಬೇಡಿ. ಕೆಲವೇ ನಿಮಿಷದಲ್ಲಿ ಹಾಲಿನಂಥ ಬಿಳಿ ಎಳೆ ಕೆಳಗೆ ಇಳಿದರೆ ಅದು ದುಂಡಾಣು ಸೊರಗು. ಮೊಬೈಲ್‌ನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ, ಕೃಷಿ ವಿಜ್ಞಾನ ಕೇಂದ್ರದವರಿಗೆ ತೋರಿಸೋಕೆ ಅನುಕೂಲ.

ಎಳೆ ಬರಲಿಲ್ಲ, ಕೆಳಗಿನ ಎಲೆಗಳು ಮೊದಲು ಹಳದಿಯಾಗಿ ನಿಧಾನಕ್ಕೆ ಒಣಗಿದವು ಅಂದರೆ ಶಿಲೀಂಧ್ರದ ಸೊರಗು ಇರಬಹುದು.

ದುಂಡಾಣು ಅಂತ ಖಾತ್ರಿ ಆದರೆ ಗಿಡವನ್ನು ಗೊಬ್ಬರ ಗುಂಡಿಗೆ ಹಾಕಬೇಡಿ, ಸುಟ್ಟುಬಿಡಿ. ಆ ಬಕೆಟ್ ಮಣ್ಣನ್ನು ತರಕಾರಿ, ಶುಂಠಿ ಇಲ್ಲದ ಜಾಗಕ್ಕೆ ಸುರಿಯಿರಿ. ಕತ್ತಿ, ಕೈ, ಬಕೆಟ್ ತೊಳೆಯಿರಿ. ಒಂದರ ನೀರು ಇನ್ನೊಂದಕ್ಕೆ ಹರಿಯದಂತೆ ಬಕೆಟ್‌ಗಳ ನಡುವೆ ಒಂದು ಗೇಣು ಜಾಗ ಬಿಡಿ.

ಯಾವ ಬಕೆಟ್, ಯಾವ ಮಣ್ಣು

ಒಂದು ಟೊಮೆಟೊ ಗಿಡಕ್ಕೆ ಕನಿಷ್ಠ 15 ಲೀಟರ್, ಸಾಧ್ಯವಾದರೆ 20 ಲೀಟರ್ ಹಿಡಿಯುವ ಬಕೆಟ್ ಅಥವಾ ಗ್ರೋ ಬ್ಯಾಗ್ ಬೇಕು. ಒಂದರಲ್ಲಿ ಒಂದೇ ಗಿಡ. ಜಾಗ ಇದೆ ಅಂತ ಎರಡು ನೆಟ್ಟರೆ ಎರಡೂ ಬಡಕಲು. ಡಿಸ್ಟೆಂಪರ್ ಬಕೆಟ್ ಆದರೆ ಚೆನ್ನಾಗಿ ಉಜ್ಜಿ ತೊಳೆದು ಬಳಸಿ. ಕಳೆನಾಶಕ, ಕೀಟನಾಶಕದ ಕ್ಯಾನ್ ಮಾತ್ರ ಯಾವ ಕಾರಣಕ್ಕೂ ಬೇಡ. ಎಷ್ಟು ತೊಳೆದರೂ ಬೇಡ. ತಳದಲ್ಲಿ ಆರೆಂಟು ತೂತು ಮಾಡಿ, ಎರಡು ಇಟ್ಟಿಗೆ ಮೇಲೆ ಎತ್ತರಿಸಿ ಇಡಿ.

ಮಿಶ್ರಣ ಹೀಗಿರಲಿ: ಒಂದು ಪಾಲು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ. ನಾರಿನ ಪುಡಿಯನ್ನು ಎರಡು ಮೂರು ಸಲ ನೀರಲ್ಲಿ ನೆನೆಸಿ ಹಿಂಡಿ ಬಳಸಿ, ಅದರಲ್ಲಿ ಉಪ್ಪು ಇರುತ್ತದೆ. ಅಡಿಕೆ ಸಿಪ್ಪೆ ರಾಶಿ ಬಿದ್ದಿದೆಯಲ್ಲ ಅಂತ ಹಸಿ ಸಿಪ್ಪೆ ಹಾಕಬೇಡಿ. ಅದು ಕೊಳೆಯುವಾಗ ಗಿಡಕ್ಕೆ ಸೇರಬೇಕಾದ ಸಾರಜನಕವನ್ನು ತಾನೇ ತಿನ್ನುತ್ತದೆ. ಪೂರ್ತಿ ಕೊಳೆತು ಕಪ್ಪಾಗಿದ್ದರೆ ಸರಿ.

ಮಣ್ಣು ಎಲ್ಲಿಂದ? ಶುಂಠಿ, ಟೊಮೆಟೊ, ಬದನೆ, ಮೆಣಸು, ಆಲೂಗಡ್ಡೆ ಬೆಳೆಯದ ಜಾಗದಿಂದ. ಆ ಹೊಲಗಳಿಂದ ಮಳೆನೀರು ಹರಿದು ಬರುವ ಜಾಗವೂ ಬೇಡ. ಏಪ್ರಿಲ್–ಮೇ ತಿಂಗಳಲ್ಲಿ ಆ ಮಣ್ಣನ್ನು ಅರ್ಧ ಅಡಿ ದಪ್ಪ ಹರಡಿ, ನೀರು ಚಿಮುಕಿಸಿ, ತೆಳು ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಅಂಚಿಗೆ ಮಣ್ಣು ಮುಚ್ಚಿ ನಾಲ್ಕರಿಂದ ಆರು ವಾರ ಬಿಸಿಲಿಗೆ ಬಿಡಿ. ಕಪ್ಪು ಪ್ಲಾಸ್ಟಿಕ್ ಅಲ್ಲ, ಪಾರದರ್ಶಕವೇ ಆಗಬೇಕು. ಇದರಿಂದ ರೋಗಾಣು, ಕಳೆಬೀಜ ಕಡಿಮೆ ಆಗುತ್ತವೆ. ಹಾಗಂತ ರೋಗ ಬಂದ ಹೊಲದ ಮಣ್ಣು ಇದರಿಂದ ಶುದ್ಧವಾಯಿತು ಅಂತ ನಂಬಬೇಡಿ.

ಮಣ್ಣು ಹುಳಿ ಇರುವುದರಿಂದ ಬಕೆಟ್‌ಗೆ 20–25 ಗ್ರಾಂ ಕೃಷಿ ಸುಣ್ಣ ನಾಟಿಗೆ ಎರಡು ಮೂರು ವಾರ ಮೊದಲೇ ಬೆರೆಸಿ. ಗೊಬ್ಬರಕ್ಕೆ ಕಿಲೋಗೆ 10 ಗ್ರಾಂ ಟ್ರೈಕೋಡರ್ಮಾ ಕಲಸಿ, ಒಂದು ವಾರ ನೆರಳಲ್ಲಿ ತೇವವಾಗಿಟ್ಟು ಆಮೇಲೆ ಮಿಶ್ರಣಕ್ಕೆ ಹಾಕಿ.

ತಳಿ ಆರಿಸೋದು

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳೇ ನಮಗೆ ಆಧಾರ. ಅರ್ಕಾ ರಕ್ಷಕ್ ಎಲೆ ಮುದುಡು ನಂಜು, ದುಂಡಾಣು ಸೊರಗು, ಆಲ್ಟರ್ನೇರಿಯಾ ಅಂಗಮಾರಿ ಮೂರನ್ನೂ ತಡೆಯುತ್ತದೆ. ಅರ್ಕಾ ಅಭೇದ್ ಈ ಮೂರರ ಜೊತೆಗೆ ತಡ ಅಂಗಮಾರಿಯನ್ನೂ ತಾಳಿಕೊಳ್ಳುತ್ತದೆ. ಎರಡೂ ಹೈಬ್ರಿಡ್, ಬೀಜ ಎತ್ತಿಡೋಕೆ ಬರಲ್ಲ. ಸ್ವಂತ ಬೀಜ ಬೇಕು ಅನ್ನುವವರು ಅರ್ಕಾ ಆಭಾ ಅಥವಾ ಅರ್ಕಾ ಅಲೋಕ್ ಹುಡುಕಿ. ಇವು ದುಂಡಾಣು ಸೊರಗಿಗೆ ನಿರೋಧಕತೆ ಇರುವ ಸಾಮಾನ್ಯ ತಳಿಗಳು. ಸಂಸ್ಥೆಯ ಬೀಜದ ಪೋರ್ಟಲ್‌ನಲ್ಲಿ ಮೊಬೈಲ್‌ನಿಂದಲೇ ಆರ್ಡರ್ ಮಾಡಬಹುದು.

ನಿರೋಧಕ ತಳಿ ಅಂದರೆ ರೋಗವೇ ಬರಲ್ಲ ಅಂತಲ್ಲ. ಕೆಟ್ಟ ಮಣ್ಣಿಗೆ ಒಳ್ಳೆ ತಳಿ ಹಾಕಿದರೂ ಸೋಲಬಹುದು.

ಅಡಿಕೆಗೂ ಟೊಮೆಟೊಗೂ ಒಂದೇ ಅಂಗಳ

ನಮ್ಮ ಕಡೆ ಬಕೆಟ್ ಟೊಮೆಟೊಗೆ ಸರಿಯಾದ ಕಾಲ ಸೆಪ್ಟೆಂಬರ್ ಮೊದಲ ವಾರದಲ್ಲಿ ಬೀಜ, 25 ದಿನದ ಸಸಿ ಆದ ಮೇಲೆ ಅಕ್ಟೋಬರ್ ಹೊತ್ತಿಗೆ ನಾಟಿ. ಡಿಸೆಂಬರ್ ಮಧ್ಯದಿಂದ ಹಣ್ಣು. ಮಾರ್ಚ್ ಬಿಸಿಲು ಏರಿದ ಮೇಲೆ ಹೂ ಉದುರುತ್ತದೆ, ಕಾಯಿ ಕಚ್ಚಲ್ಲ.

ತೊಂದರೆ ಏನೆಂದರೆ ಅಡಿಕೆ ಕೊಯ್ಲೂ ಅದೇ ಹೊತ್ತಿಗೆ. ಅಂಗಳದ ತುಂಬ ಚಪ್ಪರ, ಚಪ್ಪರದ ಮೇಲೆ ಅಡಿಕೆ. ನಮ್ಮ ಮನೆಯಲ್ಲಿ ಇದಕ್ಕೆ ಎರಡು ವರ್ಷ ಜಗಳ ಆಗಿದೆ. "ಅಡಿಕೆ ಒಣಗೋ ಜಾಗದಲ್ಲಿ ನಿನ್ನ ಬಕೆಟ್ ಯಾಕೆ?" ಅಂತ ಅಪ್ಪ. ಅವರ ಮಾತೂ ಸರಿಯೇ, ವರ್ಷದ ದುಡ್ಡು ಅದರ ಮೇಲಿದೆ.

ಆಮೇಲೆ ಒಂದು ಕೆಲಸ ಮಾಡಿದೆ. ಒಂದು ಭಾನುವಾರ ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಗಂಟೆಗೊಂದು ಅಂಗಳದ ಫೋಟೋ ತೆಗೆದೆ. ಚಪ್ಪರದ ನೆರಳು, ತೋಟದ ಮರದ ನೆರಳು ಎಲ್ಲಿ ಬೀಳುತ್ತದೆ ಅಂತ ಸ್ಪಷ್ಟವಾಯಿತು. ಚಪ್ಪರದ ದಕ್ಷಿಣದ ಅಂಚಿನಲ್ಲಿ ಎರಡಡಿ ಅಗಲದ ಪಟ್ಟಿಗೆ ಆರು ಗಂಟೆ ಬಿಸಿಲು ಸಿಗುತ್ತಿತ್ತು. ಹನ್ನೆರಡು ಬಕೆಟ್‌ಗೆ ಅಷ್ಟು ಸಾಕು. ಚಪ್ಪರದ ಕಂಬಕ್ಕೇ ಅಡಿಕೆ ದಬ್ಬೆ ಕಟ್ಟಿ ಗಿಡಕ್ಕೆ ಆಧಾರ ಕೊಟ್ಟೆ. ನೀವೂ ಬಕೆಟ್ ಕೊಳ್ಳುವ ಮೊದಲು ಈ ಫೋಟೋ ಕೆಲಸ ಮಾಡಿ, ಖರ್ಚಿಲ್ಲ.

ನೀರು, ಊಟ, ಹುಳ

ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಚುಚ್ಚಿ, ಒಣಗಿದ್ದರೆ ಮಾತ್ರ ನೀರು. ಬೆಳಿಗ್ಗೆ, ಬುಡಕ್ಕೆ, ತಳದಿಂದ ಸ್ವಲ್ಪ ಸೋರುವಷ್ಟು. ಫೆಬ್ರವರಿ ಬಿಸಿಲಿಗೆ ಎರಡು ಹೊತ್ತು ಬೇಕಾಗಬಹುದು. ಮೇಲೆ ಭತ್ತದ ಹುಲ್ಲು ಹೊದಿಸಿ.

ಕಾಯಿಯ ತಳ ಕಪ್ಪಾಗಿ ಗುಳಿ ಬಿದ್ದರೆ ಅದು ರೋಗ ಅಲ್ಲ. ಕಾಯಿಗೆ ಸುಣ್ಣದಂಶ ತಲುಪಿಲ್ಲ ಅಂತ ಅರ್ಥ. ಒಂದು ದಿನ ಒಣಗಿಸಿ ಮರುದಿನ ತುಂಬಿಸಿದರೆ ಹೀಗಾಗುತ್ತದೆ. ಮೊಟ್ಟೆ ಚಿಪ್ಪು ಹಾಕಿದ ಕೂಡಲೇ ಸರಿ ಹೋಗಲ್ಲ, ನೀರು ಸಮನಾಗಿ ಕೊಟ್ಟರೆ ಮುಂದಿನ ಗೊಂಚಲು ಸರಿ ಬರುತ್ತದೆ.

ಹದಿನೈದು ದಿನಕ್ಕೊಮ್ಮೆ ಬಕೆಟ್‌ಗೆ ಎರಡು ಹಿಡಿ ಎರೆಗೊಬ್ಬರ. ಹೂ ಬಂದಾಗ ಬೆಳಿಗ್ಗೆ ಗೊಂಚಲಿಗೆ ಬೆರಳಿಂದ ಮೆಲ್ಲಗೆ ತಟ್ಟಿ, ಕಾಯಿ ಚೆನ್ನಾಗಿ ಕಚ್ಚುತ್ತದೆ. ಬಿಳಿನೊಣಕ್ಕೆ ಹಳದಿ ಅಂಟು ಹಾಳೆ, ಕಾಯಿಕೊರಕಕ್ಕೆ ಲೀಟರಿಗೆ 50 ಗ್ರಾಂ ಬೇವಿನ ಬೀಜದ ಕಷಾಯ. ಮಂಗನಿಗೆ ಬಲೆ ಬಿಟ್ಟರೆ ಬೇರೆ ದಾರಿ ನನಗೂ ಸಿಕ್ಕಿಲ್ಲ.

ಕೋಸಂಬರಿ ಬಕೆಟ್

ಸಲಾಡ್ ಅಂದರೆ ದೂರದ್ದಲ್ಲ, ನಮ್ಮ ಕೋಸಂಬರಿಯೇ. ಕೊತ್ತಂಬರಿ, ಮೆಂತ್ಯ, ಈರುಳ್ಳಿ ಸೊಪ್ಪಿಗೆ ಆರೆಂಟು ಇಂಚು ಆಳದ ಟ್ರೇ ಸಾಕು. ಮೂಲಂಗಿಗೆ ಹತ್ತು ಇಂಚು. ಕೊತ್ತಂಬರಿ ಕಾಳನ್ನು ಎರಡು ಹೋಳು ಮಾಡಿ ಬಿತ್ತಿ. ಮೆಂತ್ಯ 25–30 ದಿನ, ಕೊತ್ತಂಬರಿ 40 ದಿನ, ಮೂಲಂಗಿ 40–50 ದಿನಕ್ಕೆ ಸಿಗುತ್ತದೆ. ಒಮ್ಮೆಲೇ ಬಿತ್ತದೆ ಹದಿನೈದು ದಿನಕ್ಕೊಂದು ಟ್ರೇ ಬಿತ್ತಿದರೆ ಸಾಲಾಗಿ ಬರುತ್ತಿರುತ್ತದೆ. ಲೆಟಿಸ್ ಬೇಕಾದರೆ ನವೆಂಬರ್‌ನಿಂದ ಜನವರಿ ಮಾತ್ರ, ಸೆಕೆಗೆ ದಂಟು ಎದ್ದು ಕಹಿಯಾಗುತ್ತದೆ. ಮುಳ್ಳುಸೌತೆಗೆ 20 ಲೀಟರ್ ಬಕೆಟ್, ಹಬ್ಬೋಕೆ ಹಗ್ಗ ಬೇಕು. ಅದಕ್ಕೆ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಮಂಗಕ್ಕೆ ಅಂತ ಸಣ್ಣ ಕಣ್ಣಿನ ಬಲೆ ಕಟ್ಟಿ ಜೇನು ಬಾರದಂತೆ ಮಾಡಿದ್ದರೆ, ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ನೀವೇ ಸವರಬೇಕು.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಸಾವಯವ ಅಂತ ಜೀವಾಮೃತ, ಹಸಿ ಸಗಣಿ ನೀರನ್ನು ಹಸಿಯಾಗಿ ತಿನ್ನುವ ಸೊಪ್ಪಿಗೆ ಹಾಕಬೇಡಿ. ಸಗಣಿಯ ಬ್ಯಾಕ್ಟೀರಿಯಾ ಎಲೆಗೆ ಅಂಟಿ ಹೊಟ್ಟೆ ಸೇರುತ್ತದೆ. ಸೊಪ್ಪಿಗೆ ಪೂರ್ತಿ ಕಳಿತ ಗೊಬ್ಬರ ಮಾತ್ರ. ಟೊಮೆಟೊ ಬುಡಕ್ಕೆ ಜೀವಾಮೃತ ಕೊಡುವವರು ಅದಕ್ಕೆ ಹಾಕುವ ಹಿಡಿ ಮಣ್ಣನ್ನು ಶುಂಠಿ ಹೊಲದಿಂದ ತರಬೇಡಿ.

ಕೊನೆಗೆ ಲೆಕ್ಕ

ಹನ್ನೆರಡು ಬಕೆಟ್‌ನಿಂದ ಶ್ರೀಮಂತರಾಗಲ್ಲ. ಮಾರುಕಟ್ಟೆಗೆ ಬೆಳೆಯೋಕೆ ಹೊಲವೇ ಬೇಕು. ಆದರೆ ಹೊಲಕ್ಕೆ ಹೊಸ ತಳಿ ಹಾಕುವ ಮೊದಲು ಆ ಹೊಲದ ಮಣ್ಣನ್ನೇ ಎರಡು ಬಕೆಟ್‌ಗೆ ಬೇರೆಯಾಗಿ ತುಂಬಿ, ಉಳಿದವುಗಳಿಂದ ದೂರ ಇಟ್ಟು, ಆ ತಳಿ ನೆಟ್ಟು ನೋಡಿ. ಗಿಡ ಸೊರಗಿದರೆ ನಷ್ಟ ಎರಡು ಗಿಡ. ಹೊಲದಲ್ಲಿ ಸೊರಗಿದರೆ ಸಾಲ. ಎರಡು ಬಕೆಟ್ ಗಿಡ ಉಳಿದಿದ್ದು ಪೂರ್ತಿ ಖಾತ್ರಿ ಅಲ್ಲ, ಆದರೆ ಸತ್ತರೆ ಅದು ಖಂಡಿತ ಎಚ್ಚರಿಕೆ.

ನಮ್ಮ ಹಿಂದಿನ ಹೊಲಕ್ಕೆ ಹೀಗೆ ನೋಡಿಯೇ ಟೊಮೆಟೊ ಬೇಡ ಅಂತ ತೀರ್ಮಾನ ಮಾಡಿದ್ದು. ಈಗ ಅಲ್ಲಿ ಜೋಳ ಹಾಕುತ್ತೇವೆ. ಕಳೆದ ಸಲ ನಾನು ಬಕೆಟ್ ತುಂಬೋಕೆ ಹೊರಟಾಗ ಅಪ್ಪನೇ ಕೇಳಿದರು: "ಮಣ್ಣು ಎಲ್ಲಿಂದ ತಂದಿದ್ದು?"

ಬಕೆಟ್ ತುಂಬುವ ಮೊದಲು ನೀವೂ ಅದನ್ನೇ ಕೇಳಿಕೊಳ್ಳಿ. ಮುಂದಿನ ವಾರ ಸಿಗೋಣ.